ಕೆಂಪು ದೀಪ ಆರುವವರೆಗೆ

ಗಾಳಿಯಂಗಿ ತೊಟ್ಟವರನ್ನು ವಿಜಯಪುರದಲ್ಲಿ ದೂರದಿಂದಲೇ ಗುರುತಿಸಬಹುದಿತ್ತು. ಗದ್ದ ಎದೆಯ ಹತ್ತಿರ, ಮೊಣಕೈ ಒಳಕ್ಕೆ, ಬೆನ್ನು ಹಲಗೆಯಂತೆ ಸಪಾಟು. ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವರು, ಕೊರಿಯರ್ ಹಂಚುವವರು, ಕಾಲೇಜಿನ ಹುಡುಗಿಯರು, ಎಲ್ಲರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬಾಗಿ ಸಾಗುತ್ತಿದ್ದರು. ಇನ್ನೊಂದು ಗುರುತೂ ಇತ್ತು. ಸೈಕಲ್ಲಿನಿಂದ ಇಳಿದ ಮರುಕ್ಷಣ ಅವರು ಆಕಳಿಸುತ್ತಿದ್ದರು.

"ಬಂದ್ರು ನೋಡ್ರಿ ಅಂಗಿಯವ್ರು. ಮೊದಲ ಬಾಯಿ ತೆರೀತಾರ, ಆಮ್ಯಾಲ ಚಾ ಕೇಳ್ತಾರ" ಎಂದು ಸ್ಟೇಷನ್ ರಸ್ತೆಯ ಚಹಾದಂಗಡಿಯ ಬಂದೇನವಾಜ ಕಾಕಾ ಗಿರಾಕಿಗಳನ್ನು ನಗಿಸುತ್ತಿದ್ದ.

ನೀಲಾಂಬಿಕಾಗೆ ಆ ಹಾಸ್ಯ ಕೇಳಿದಾಗಲೆಲ್ಲ ಎದೆಯಲ್ಲಿ ಏನೋ ಸಣ್ಣಗೆ ಕುಟುಕುತ್ತಿತ್ತು. ಅಂಗಿಗೆ ಪಾಠ ಕಲಿಸಿದವಳು ಅವಳು. ಊರಾಚೆ, ಸೈಕಲ್ ಓಟದ ವೆಲೋಡ್ರೋಮಿನ ಮಗ್ಗುಲಿಗೆ, ಫ್ಯಾನಿನಿಂದ ಗಾಳಿ ಬಿಟ್ಟು ಸವಾರರ ಮೈಗೆ ಎದುರಾಗುವ ತಡೆ ಅಳೆಯುವ ಗಾಳಿಸುರಂಗದ ಎಂಜಿನಿಯರು. ಸವಾರರು ಆ ಕಟ್ಟಡವನ್ನು 'ಗಾಳಿಮನಿ' ಎನ್ನುತ್ತಿದ್ದರು.

ಸೈಕಲ್ಲಿನ ಮೇಲೆ ಕುಳಿತವನ ನಿಜವಾದ ಎದುರಾಳಿ ಗಾಳಿಯೇ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಸೀಳಿ ಹೋಗಲು ಕಾಲು ಒದಗಿಸಬೇಕಾದ ಶಕ್ತಿ ಎಂಟು ಪಟ್ಟು. ಆ ತಡೆಯಲ್ಲಿ ಸೈಕಲ್ಲಿನ ಪಾಲು ಚಿಕ್ಕದು, ಮನುಷ್ಯನ ಮೈಯದೇ ದೊಡ್ಡದು. ಆದ್ದರಿಂದ ಹಗುರವಾದ ಸೈಕಲ್ಲು ಕೊಳ್ಳುವುದಕ್ಕಿಂತ ತಲೆಯನ್ನು ನಾಲ್ಕು ಬೆರಳು ತಗ್ಗಿಸುವುದೇ ಹೆಚ್ಚು ಲಾಭ. ಆದರೆ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಯಾವ ಭುಜ ಅಡ್ಡ ಬರುತ್ತಿದೆ, ಯಾವ ಮೊಣಕೈ ಸುಳಿ ಎಬ್ಬಿಸುತ್ತಿದೆ ಎಂದು ಓಡುತ್ತಿರುವವನಿಗೆ ಹೇಗೆ ತಿಳಿಯಬೇಕು?

ಅಂಗಿ ತಿಳಿಸುತ್ತಿತ್ತು. ಅದರ ನೂಲಿನ ನಡುವೆ ಕೂದಲಿಗಿಂತ ತೆಳುವಾದ ಎಳೆಗಳಿದ್ದವು. ಗಾಳಿಯ ಒತ್ತಡ ಎಲ್ಲೆಲ್ಲಿ ಎಷ್ಟೆಂದು ಅವು ಅಳೆದು, ಸೊಂಟದ ಪಟ್ಟಿಯಲ್ಲಿದ್ದ ಪುಟ್ಟ ಯಂತ್ರಕ್ಕೆ ಕಳಿಸುತ್ತಿದ್ದವು. ಮೈ ಯಾವ ಭಂಗಿಗೆ ಬಂದರೆ ತಡೆ ಕಡಿಮೆಯಾಗುತ್ತದೆ ಎಂಬುದನ್ನು ಯಂತ್ರ ಮೊದಲೇ ಕಲಿತಿತ್ತು. ಅಡ್ಡ ಬಂದ ಜಾಗದಲ್ಲಿ ಎಳೆ ತುಸು ಬಿಗಿಯುತ್ತಿತ್ತು. ಸವಾರರು ಅದಕ್ಕೆ 'ಚಿವುಟು' ಎಂದು ಹೆಸರಿಟ್ಟಿದ್ದರು. ಚಿವುಟಿದಾಗ ಮೈ ತಾನಾಗಿ ಸರಿದುಕೊಳ್ಳುತ್ತಿತ್ತು. ವಾರ ಕಳೆದರೆ ಚಿವುಟಿದ್ದೂ ಗೊತ್ತಾಗುತ್ತಿರಲಿಲ್ಲ.

ಮೊದಲು ಬಂದ ಅಂಗಿ ಹೊರದೇಶದ ಸವಾರರ ಮೈಮಾಟದಿಂದ ಕಲಿತದ್ದು. ನಮ್ಮವರ ತೋಳು, ಬೆನ್ನಿನ ಅಳತೆಗೆ ಅದು ಹೊಂದಲಿಲ್ಲ. ಹಾಗಾಗಿ ನೀಲಾಂಬಿಕಾ ಸುತ್ತಲಿನ ಊರುಗಳ ಕ್ರೀಡಾ ಹಾಸ್ಟೆಲಿನ ಹುಡುಗ ಹುಡುಗಿಯರನ್ನು ಒಬ್ಬೊಬ್ಬರಾಗಿ ಸುರಂಗದಲ್ಲಿ ಕೂಡಿಸಿ, ಗಾಳಿ ಬಿಟ್ಟು, ಅಳೆದು, ಯಂತ್ರಕ್ಕೆ ಹೊಸದಾಗಿ ಕಲಿಸಿದ್ದಳು. ಆ ಕೆಲಸಕ್ಕೆ ಪ್ರಶಸ್ತಿಯೂ ಬಂದಿತ್ತು. ಅಂಗಿ ಅಗ್ಗವಾಯಿತು, ಊರೆಲ್ಲ ತೊಟ್ಟಿತು.

ಈಗ ಅವಳ ಸ್ವಂತ ಅಕ್ಕನ ಮಗಳೇ ಆ ಅಂಗಿ ತೊಟ್ಟು ಸೋಲುತ್ತಿದ್ದಳು.

*

ದಾಕ್ಷಾಯಿಣಿ ತಿಕೋಟಾ ಕಡೆಯ ಹುಡುಗಿ. ಸೈಕಲ್ಲಿಗಾಗಿಯೇ ಊರು ಬಿಟ್ಟು ಹಗಲು ಕ್ರೀಡಾ ಹಾಸ್ಟೆಲಿನಲ್ಲಿ, ರಾತ್ರಿ ಚಿಗವ್ವನ ಮನೆಯಲ್ಲಿ ಇದ್ದವಳು. ನಾಲ್ಕು ಕಿಲೋಮೀಟರ್ ಓಟ ಅವಳದು. ಎದುರಿಗೆ ಗಡಿಯಾರ ಬಿಟ್ಟರೆ ಬೇರೆ ಯಾರೂ ಇಲ್ಲ. ರಾಷ್ಟ್ರೀಯ ತಂಡಕ್ಕೆ ಸೇರಲು ಮೂರು ಅವಕಾಶ ಕೊಟ್ಟಿದ್ದರು. ಎರಡು ಮುಗಿದಿದ್ದವು. ಎರಡರಲ್ಲೂ ಮೂರು ಕಿಲೋಮೀಟರ್‌ವರೆಗೆ ದೇಶದ ಯಾವ ಹುಡುಗಿಗೂ ಸಿಗದ ವೇಗ. ಕೊನೆಯ ಕಿಲೋಮೀಟರಿನಲ್ಲಿ ಕಾಲು ಸೀಸದಂತೆ ಭಾರ. ಎರಡನೆಯ ಸಲ ಗುರುವಾರ, ಗೆರೆ ದಾಟಿದವಳು ಸೈಕಲ್ಲಿನ ಮೇಲಿಂದಲೇ ಹುಲ್ಲಿಗೆ ಉರುಳಿದಳು. ಮೂರನೆಯದು ಭಾನುವಾರ. ಅದೂ ಹೋದರೆ ಹಾಸ್ಟೆಲಿನ ಸೀಟೂ ಹೋಗುತ್ತಿತ್ತು, ವಯಸ್ಸಿನ ಮಿತಿಯೂ ಮುಗಿಯುತ್ತಿತ್ತು.

"ದಮ್ ಇಲ್ಲ ನಿನಗ" ಎಂದಿದ್ದರು ಕೋಚ್ ಮುಜಾವರ ಸರ್. "ಅಂಗಿ ಹೇಳಿದಂಗ ಕುಂಡ್ರತಿ, ಭಂಗಿ ಬಂಗಾರದಂಥಾದ್ದು. ಆದ್ರ ಒಳಗ ಎಂಜಿನ್ನಽ ಸಣ್ಣದು."

ಅಂದು ಸಂಜೆ ರೊಟ್ಟಿ ತಿನ್ನುವಾಗ ದಾಕ್ಷಿ ತಲೆ ಎತ್ತಲಿಲ್ಲ. ಗದ್ದ ಎದೆಗೆ, ಮೊಣಕೈ ಪಕ್ಕೆಗೆ. ಊಟದ ತಟ್ಟೆಯ ಮುಂದೆಯೂ ಅದೇ ಭಂಗಿ.

"ಇಲ್ಲ್ಯಾದ್ರೂ ಅಗಲಾಗಿ ಕುಂಡ್ರವ್ವಾ" ಎಂದಳು ನೀಲಾಂಬಿಕಾ, ಎಣ್ಣೆಗಾಯಿ ಬಡಿಸುತ್ತ.

"ಅಗಲಾಗಿ ಕುಂತ್ರ ಎಂಜಿನ್ ದೊಡ್ಡದಾಗತೈತೇನು?"

"ಸರ್ ಸಿಟ್ಟಿನಾಗ ಅಂದಾರ."

"ಖರೇನಽ ಅಂದಾರ ಬಿಡು. ಚಿಗವ್ವ, ನಾ ಸೋತ್ರ ಅವ್ವಗ ನೀನಽ ಫೋನ್ ಮಾಡು. ನನ್ನ ಕಡಿಂದ ಆಗೂದಿಲ್ಲ."

ನೀಲಾಂಬಿಕಾ ಅವಳನ್ನೇ ನೋಡಿದಳು. ನೋಡುವುದು ಅವಳ ಸ್ವಭಾವ. ಗ್ಯಾಸು ಆರಿಸಿದ್ದೇನೋ ಇಲ್ಲವೋ ಎಂದು ಹಿಂದಿರುಗಿ ನೋಡುವವಳು, ಬಾಗಿಲಿನ ಚಿಲಕವನ್ನು ಎಳೆದು ನೋಡುವವಳು. ಹುಡುಗಿಯ ತುಟಿಯ ಬಣ್ಣದಲ್ಲಿ ಏನೋ ಸರಿಯಿಲ್ಲ ಎನ್ನಿಸಿತು. "ನಾಳೆ ದವಾಖಾನಿಗೆ ಹೋಗೂಣು. ಎದಿ ತೋರಸೂಣು" ಎಂದಳು. "ಆತು. ನೀ ಅಂದ ಮ್ಯಾಲ ಬಿಡಾಕಿ ಅಲ್ಲ" ಎಂದು ದಾಕ್ಷಿ ಕೊನೆಯ ತುಣುಕಿಗೆ ಶೇಂಗಾ ಹಿಂಡಿ ಹಚ್ಚಿದಳು.

*

ಎಕ್ಸ್‌ರೇ ಕೋಣೆಯಲ್ಲಿ ದಾಕ್ಷಿ ಹಲಗೆಗೆ ಎದೆ ಆನಿಸಿ ನಿಂತಿದ್ದಳು. ನೀಲಾಂಬಿಕಾ ಅಡ್ಡ ಗೋಡೆಯ ಹಿಂದೆ, ಗಾಜಿನ ಕಿಂಡಿಯ ಬಳಿ. ಯಂತ್ರ ನಡೆಸುವ ಹೆಂಗಸು ಗುಂಡಿ ಮುಟ್ಟಿದಳು. ಗೋಡೆಯ ಮೇಲೆ ಕೆಂಪು ದೀಪ ಹತ್ತಿತು.

"ಏನ್ ಬೇ ತಂಗಿ, ನಾ ಇನ್ನೂ ಹೇಳೇ ಇಲ್ಲ. ಆಗಲೇ ಉಸರ ಹಿಡದ ನಿಂತಿ!"

"ದೀಪ ಹತ್ತಿತಲ್ರಿ" ಎಂದಳು ದಾಕ್ಷಿ, ತುಟಿ ಅಲುಗಾಡಿಸದೆ.

ನೀಲಾಂಬಿಕಾ ಗಾಜಿಗೆ ಹತ್ತಿರವಾದಳು. ಮುಚ್ಚಿದ ಬಾಯಿ, ಒಳಗೆ ಸೆಳೆದುಕೊಂಡ ಪಕ್ಕೆ, ಕುತ್ತಿಗೆಯಲ್ಲಿ ಎದ್ದ ಒಂದು ನರ. ಈ ಮುಖವನ್ನು ಅವಳು ನೂರಾರು ಸಲ ಕಂಡಿದ್ದಳು. ಸುರಂಗದಲ್ಲಿ. ಅಲ್ಲಿಯೂ ಅಳತೆ ಶುರುವಾದಾಗ ಕೆಂಪು ದೀಪ ಹತ್ತುತ್ತದೆ.

ಎದೆಯಲ್ಲಿ ಯಾವ ದೋಷವೂ ಇಲ್ಲ ಎಂದು ಡಾಕ್ಟರು ಹೇಳಿದ್ದು ಅವಳ ಕಿವಿಗೆ ಅರ್ಧವೇ ಬಿತ್ತು. ಹೊರಗೆ ಬೇವಿನ ಮರದ ಕೆಳಗೆ ನಿಂತು ಕೇಳಿದಳು: "ಗಾಳಿಮನ್ಯಾಗೂ ಹಂಗಽ ಉಸರ ಹಿಡೀತಿಯೇನು?"

"ಹೂಂ ಮತ್ತ. ದೀಪ ಹತ್ತಿತಂದ್ರ ಹಿಡಿಯೂದು, ಆರಿತಂದ್ರ ಬಿಡೂದು."

"ಯಾರು ಹೇಳ್ಯಾರ ಹಿಡಿ ಅಂತ?"

"ನೀನಽ. ಮೈಕಿನಾಗ 'ಒಟ್ಟ ಅಲುಗಾಡಬ್ಯಾಡ್ರಿ' ಅಂತೀಯಲ್ಲ." ದಾಕ್ಷಿಗೆ ಚಿಗವ್ವನ ಮುಖ ನೋಡಿ ಗಾಬರಿಯಾಯಿತು. "ಎಲ್ಲಾರೂ ಹಿಡೀತೀವಿ. ಹಾಸ್ಟೆಲ್ ಸೇರೂ ಮುಂದ ಎದಿ ಫೋಟೋ ತಗದ್ರಲ್ಲ, ಅಲ್ಲೂ ಹಿಂಗಽ ಕೆಂಪು ದೀಪ, ಹಿಂಗಽ ಮಾತು. ಅಲುಗಾಡಿದವ್ರನ್ನ ಮತ್ತೊಮ್ಮಿ ನಿಲ್ಲಸ್ತಿದ್ರು. ಮೇಡಂಗ ಮತ್ತೊಮ್ಮಿ ತ್ರಾಸ ಕೊಡೂದು ಯಾಕ ಅಂತ ನಾವಽ…"

ಮುಂದಿನದು ಹೇಳಬೇಕಾಗಿರಲಿಲ್ಲ. ಬೇರೆ ದೇಶದ ಸವಾರರು ಸುರಂಗದಲ್ಲಿ ಗೊಣಗುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ, ಬೇಸರ ಬಂದರೆ ಎದ್ದೂ ಬಿಡುತ್ತಾರೆ. ಈ ಮಕ್ಕಳು ಮೇಡಂ ಮೇಲಿನ ಮರ್ಯಾದೆಗೆ ಉಸಿರನ್ನೇ ನಿಲ್ಲಿಸಿದ್ದರು.

*

ಮಧ್ಯಾಹ್ನ ಅವಳು ಸುರಂಗದ ಕೋಣೆಯಲ್ಲಿ ಹಳೆಯ ಅಳತೆಗಳ ವಿಡಿಯೊಗಳನ್ನೆಲ್ಲ ಒಂದೇ ಪರದೆಯ ಮೇಲೆ, ಸಣ್ಣ ಸಣ್ಣ ಚೌಕಗಳಾಗಿ ಜೋಡಿಸಿದಳು. ಮುಜಾವರ ಸರ್ ಕುರ್ಚಿ ಎಳೆದುಕೊಂಡು ಕುಳಿತರು. ಎಲ್ಲ ಚೌಕಗಳಲ್ಲೂ ಬಾಗಿದ ಸವಾರರು. "ಒಟ್ಟ ಅಲುಗಾಡಬ್ಯಾಡ್ರಿ" ಎಂಬ ಅವಳದೇ ದನಿ ನೂರು ಬಾಯಿಯಿಂದ ಬಂದಂತೆ ಗುಂಯ್ ಎಂದಿತು. ದೀಪ ಹತ್ತಿತು. ಕಾಲುಗಳು ಮಾತ್ರ ತಿರುಗುತ್ತಿದ್ದವು. ಒಂದು ಎದೆಯೂ ಏಳಲಿಲ್ಲ. ದೀಪ ಆರಿತು. ಪರದೆಯ ಮೇಲಿದ್ದ ಅಷ್ಟೂ ಬೆನ್ನುಗಳು ಒಟ್ಟಿಗೆ, ಒಂದೇ ಪ್ರಾಣಿಯ ಹಾಗೆ, ಮೇಲೆದ್ದವು.

"ಯಾ ಅಲ್ಲಾ" ಎಂದರು ಮುಜಾವರ ಸರ್.

"ಉಸರ ತಗೊಂಡ್ರ ಎದಿ ಉಬ್ಬತೈತಿ, ಹೆಗಲ ಏಳತೈತಿ. ತಡೆ ಸ್ವಲ್ಪ ಹೆಚ್ಚಾಗತೈತಿ" ಎಂದಳು ನೀಲಾಂಬಿಕಾ. "ಆದ್ರ ಉಸರ ತಗೊಳ್ಳೂ ಮನಶ್ಯಾನ್ನ ಈ ಯಂತ್ರ ನೋಡೇ ಇಲ್ರಿ ಸರ್. ಅದರ ಲೆಕ್ಕದಾಗ ಎದಿ ಎದ್ರ ತಪ್ಪು. ಎದ್ದ ಕೂಡಲೆ ಪಕ್ಕಿಗೆ ಚಿವುಟತೈತಿ. ದಾಕ್ಷಿ ಎಲ್ಲಾರಿಗಿಂತ ಚಲೋ ಅಂಗಿ ಮಾತು ಕೇಳಾಕಿ. ಅದಕ್ಕಽ ಎಲ್ಲಾರಿಗಿಂತ ಮೊದಲ ಬಿದ್ದಳು."

ಊರಿನ ಆಕಳಿಕೆಯ ಅರ್ಥವೂ ಆಗ ಆಯಿತು. ಹಾಲಿನವನೂ ಕೊರಿಯರಿನವನೂ ಮೇಲುಮೇಲಿನ ಉಸಿರಿನಲ್ಲೇ ಊರು ಸುತ್ತಿ, ಇಳಿದ ಮೇಲೆ ಬಾಯ್ತುಂಬ ಬಾಕಿ ತೀರಿಸಿಕೊಳ್ಳುತ್ತಿದ್ದರು.

"ಹಂಗಾರ ನಾಡಿದ್ದು ಅಂಗಿ ಬ್ಯಾಡ. ಸಾದಾ ಅಂಗ್ಯಾಗ ಓಡ್ಲಿ" ಎಂದರು ಸರ್.

"ಅಂಗಿ ತಗದ್ರೂ ಮೈಗೆ ರೂಢಿ ಆಗೇತ್ರಿ. ಹಿಂಗಽ ಕುಂಡ್ರತಾಳ, ಹಿಂಗಽ ಉಸರ ಕಟ್ಟತಾಳ. ನಾಳೆ ಸುರಂಗದಾಗ ಮತ್ತ ಅಳೀತೀನಿ. ಉಸರ ಆಡೂವಾಗ ಅಳೀತೀನಿ. ಆಕಿ ಒಬ್ಬಾಕಿ ಅಳತಿ ಮ್ಯಾಲ ಆಕಿ ಅಂಗಿಗೆ ಹೊಸದಾಗಿ ಕಲಸ್ತೀನಿ."

ಮುಜಾವರ ಸರ್ ಎದ್ದು ನಿಂತರು. "ನೀಲಾ ಮೇಡಂ, ಓಟದ ಹಿಂದಿನ ದಿನ ನಾವು ಸೀಟಿನ ಒಂದು ಸ್ಕ್ರೂ ಸುದ್ದಾ ಮುಟ್ಟಂಗಿಲ್ಲ. ನನ್ನ ಉಸ್ತಾದ ಕಲಿಸಿದ್ದು ಅದಽ. ನೀವು ಭಂಗೀನಽ ಬದಲಿ ಮಾಡ್ತೀನಂತೀರಿ. ಕೆಟ್ರ?"

ಬೇರೆ ದಿನವಾದರೆ ಈ ಪ್ರಶ್ನೆ ಅವಳನ್ನು ನಿದ್ದೆಗೆಡಿಸುತ್ತಿತ್ತು. ಅಂದು ಅವಳು ಪರದೆಯ ಕಡೆ ಕೈ ಮಾಡಿದಳು. "ಇದು ಆಗಲೇ ಕೆಟ್ಟೈತ್ರಿ ಸರ್. ನಾ ಮುಟ್ಟದಿದ್ರೂ ಕೆಟ್ಟಿದ್ದಽ. ನನಗ ಈಗ ಕೆಟ್ಟಿದ್ದು ಎಲ್ಲಿ ಅಂತ ಗೊತ್ತೈತಿ."

ಸರ್ ಟೋಪಿ ಹಾಕಿಕೊಂಡರು. "ಮುಟ್ರಿ ಹಂಗಾರ" ಎಂದು ಹೊರಟುಹೋದರು.

*

ಶನಿವಾರ ಬೆಳಿಗ್ಗೆ ನೀಲಾಂಬಿಕಾ ಮೊದಲು ಮಾಡಿದ ಕೆಲಸ ಕೆಂಪು ದೀಪದ ಮೇಲೆ ಒಂದು ಹಳೆಯ ಟವೆಲ್ ಹೊದಿಸಿದ್ದು. ದಾಕ್ಷಿ ತಡೆ ಅಳೆಯುವ ಪೀಠದ ಮೇಲೆ ಬಿಗಿದ ಸೈಕಲ್ಲನ್ನೇರಿ, ಮುಂಗೈಗಳನ್ನು ಮುಂದಿನ ಮೆತ್ತೆಗೆ ಊರಿದಳು. ದೊಡ್ಡ ಫ್ಯಾನು ಗುಡುಗತೊಡಗಿತು. ನಾಲ್ಕು ಸಲ ಅಳೆದರೂ ಪ್ರಯೋಜನವಾಗಲಿಲ್ಲ. ದೀಪ ಕಾಣದಿದ್ದರೂ ಫ್ಯಾನಿನ ಸದ್ದು ಏರಿದರೆ ಸಾಕು, ಹುಡುಗಿಯ ಎದೆ ತಾನಾಗಿ ನಿಲ್ಲುತ್ತಿತ್ತು. "ಉಸಿರಾಡು" ಎಂದರೆ ಬೇಕೆಂದೇ ಆಡುವ ಉಸಿರು, ಶಾಲೆಯ ಡ್ರಿಲ್ಲಿನಂತೆ. ಅದು ಅಳತೆಗೆ ಬಾರದು.

ನೀಲಾಂಬಿಕಾ ಮೈಕು ಹಿಡಿದಳು. "ದಾಕ್ಷಿ, ನನಗ ಬೈ."

"ಆಂ?"

"ಬೈ ಅಂದೆ. ಪೆಡಲ್ ತುಳಕೋತ ಬೈ. ನಾ ನಿಲ್ಲಸು ಅನ್ನೂಮಟಾ ನಿಲ್ಲಸಬ್ಯಾಡ."

"ಏನಂತ ಬೈಲಿ, ಚಿಗವ್ವ? ಸರ್ ಅದಾರಲ್ಲ."

"ನಾ ಕಿವಿ ಮುಚ್ಕೋತೀನಿ, ಬೈಯವ್ವ" ಎಂದರು ಮುಜಾವರ ಸರ್, ಮುಚ್ಚಿಕೊಳ್ಳದೆ.

ಮೊದಲು ಮಾತು ಕುಂಟುತ್ತ ಬಂತು. "ನೀ… ನೀ ಸಾರಿಗೆ ಉಪ್ಪು ಕಡಿಮಿ ಹಾಕ್ತಿ."

"ಜೋರು."

"ಬಾಗಲಾ ಹಾಕಿ ಹತ್ತು ಹೆಜ್ಜಿ ಹೋಗಿ ಮತ್ತ ಬಂದು ಜಗ್ಗಿ ನೋಡ್ತಿ! ಬಸ್ಸು ತಪ್ಪಿದ್ದು ನನಗ! ನನ್ನ ಫೋನ್ ಎರಡು ಸಲ ರಿಂಗ್ ಆಗಿ ನಾ ಎತ್ತಲಿಲ್ಲಂದ್ರ ಹಾಸ್ಟೆಲ್ ವಾರ್ಡನ್ನಿಗೆ ಹಚ್ಚತಿ! ಗೆಳತ್ಯಾರೆಲ್ಲ ನಿನ್ನ ಚಿಗವ್ವ ಪೊಲೀಸ್ ಏನಬೇ ಅಂತಾರ!" ಕಾಲು ಈಗ ಸರಾಗವಾಗಿ ತಿರುಗುತ್ತಿತ್ತು. "ಮತ್ತ ಮುಂಜಾನೆ ನಾ ಮಲಗಿದ್ದಾಗ ಬಂದು ಮೂಗಿನ ಕೆಳಗ ಬೆರಳ ಇಟ್ಟು ನೋಡ್ತಿ, ಉಸರ ಐತೋ ಇಲ್ಲೋ ಅಂತ! ನಾ ಏನ್ ತೊಟ್ಟಿಲ ಕೂಸೇನು? ನನಗ ಎಚ್ಚರ ಇರತೈತಿ! ನೀ ಅಂಜಬಾರದು ಅಂತ ಜೋರಾಗಿ ಉಸರ ಬಿಡ್ತೀನಿ, ಗೊತ್ತೇನು ನಿನಗ?"

ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ಬಾಗಿದ ಭಂಗಿಯಲ್ಲೇ ಹೊಟ್ಟೆ ಕುಲುಕುವಂತೆ ನಕ್ಕಳು.

ನೀಲಾಂಬಿಕಾಳ ಕಣ್ಣು ಮಂಜಾಗಿತ್ತು. ಮನೆಯಲ್ಲಿ ಬೆರಳಿಟ್ಟು ನೋಡಿದ ಉಸಿರನ್ನು ಸುರಂಗದಲ್ಲಿ ಕೇಳದೇ ಹೋಗಿದ್ದಳಲ್ಲ. ಆದರೆ ಕಣ್ಣೊರೆಸಿಕೊಳ್ಳುವ ಮೊದಲೇ ಪರದೆಯ ಮೇಲೆ ತಡೆ ತೋರಿಸುವ ಗೆರೆ ಅವಳ ಗಮನ ಎಳೆಯಿತು.

"ಸರ್, ಇಲ್ಲಿ ನೋಡ್ರಿ."

ದಾಕ್ಷಿ ಕೂಗಿ ಬೈಯುವಾಗ, ಎದೆ ಏರಿದಂತೆಲ್ಲ ತಡೆಯ ಗೆರೆಯೂ ಏರಿತ್ತು. ನಗತೊಡಗಿದ ಮೇಲೆ ಗೆರೆ ಸಪಾಟು. ನಗುವಾಗ ಅವಳು ಉಸಿರಾಡದೆ ಇರಲಿಲ್ಲ. ಎಲ್ಲಕ್ಕಿಂತ ಆಳವಾಗಿ ಆಡಿದ್ದು ಆಗಲೇ. ಆದರೆ ಆ ಉಸಿರು ಎದೆಗಲ್ಲ, ಹೊಟ್ಟೆಗೆ ಇಳಿದಿತ್ತು. ಬಾಗಿ ಕುಳಿತ ಸವಾರನ ಹೊಟ್ಟೆ ಮುಂಗೈಗಳ ಹಿಂದೆ, ತೊಡೆಗಳ ನಡುವೆ ಇರುತ್ತದೆ. ಅಲ್ಲಿಗೆ ಬರುವ ಗಾಳಿ ಆಗಲೇ ಕೈಗಳಿಗೆ ತಾಗಿ ಚದುರಿದ ಗಾಳಿ. ಅಲ್ಲಿ ಮೈ ಉಬ್ಬಿದರೂ ತಗ್ಗಿದರೂ ಅದಕ್ಕೆ ಹೆಚ್ಚುಕಡಿಮೆ ಒಂದೇ.

"ಗಾಳಿಗೆ ಕಾಣದ ಜಾಗ" ಎಂದಳು ನೀಲಾಂಬಿಕಾ. "ಅಲ್ಲಿ ಉಸರ ಆಡ್ಲಿ."

ಹೊಟ್ಟೆ ಇಳಿಯಲು ಎಡೆ ಬೇಕಿತ್ತು. ಮುಂದಿನ ಮೆತ್ತೆಗಳನ್ನು ಎರಡು ಬೆರಳು ಎತ್ತರಿಸಿದರು. ಸ್ಕ್ರೂ ತಿರುಗಿಸಿದವರು ಮುಜಾವರ ಸರ್, "ಉಸ್ತಾದಗ ಹೇಳಬ್ಯಾಡ್ರಿ" ಎಂದು ಮೇಲೆ ನೋಡುತ್ತ. ತಡೆ ಕೂದಲಿನಷ್ಟು ಹೆಚ್ಚಾಯಿತು, ಕಾಲಿನ ಶಕ್ತಿ ಅದಕ್ಕಿಂತ ಬಹಳ ಹೆಚ್ಚಾಯಿತು. ಮಧ್ಯಾಹ್ನದವರೆಗೂ ದಾಕ್ಷಿ ಬೈದಳು, ಹರಟಿದಳು, ಹಾಸ್ಟೆಲಿನ ಅಡುಗೆಯವನ ಅಣಕ ಮಾಡಿದಳು. ಅಂಗಿಯ ಯಂತ್ರ ಎಲ್ಲವನ್ನೂ ಕಲಿಯಿತು. ಸಂಜೆ ಹೊಸ ಪಾಠದ ಅಂಗಿ ತೊಟ್ಟು ಟ್ರ್ಯಾಕಿನಲ್ಲಿ ಕೆಲವು ಸುತ್ತು ಹಾಕಿದವಳು ಹೇಳಿದಳು: "ಚಿವುಟತೈತಿ. ಆದ್ರ ಎದಿ ಏರಿಸಿದಾಗ ಅಷ್ಟಽ. ಹೊಟ್ಟಿಗೆ ತಗೊಂಡ್ರ ಸುಮ್ನ ಕುಂಡ್ರತೈತಿ."

*

ಭಾನುವಾರ ಆಯ್ಕೆಗಾರರು ಮುಕ್ತಾಯದ ಗೆರೆಯ ಎದುರಿನ ಕುರ್ಚಿಗಳಲ್ಲಿ ಕುಳಿತಿದ್ದರು. ಈ ಓಟದಲ್ಲಿ ಕೋಚು ಸವಾರನಿಗೆ ಸಮಯ ತಿಳಿಸುವ ರೀತಿಯೇ ಬೇರೆ. ಕೂಗಿದರೆ ಕೇಳಿಸದು. ಟ್ರ್ಯಾಕಿನ ಅಂಚಿನಲ್ಲಿ, ಗೆರೆಯ ಹತ್ತಿರ ನಿಂತು, ಸವಾರ ನಿಗದಿಯಾದ ವೇಗಕ್ಕಿಂತ ಹಿಂದಿದ್ದರೆ ಕೋಚು ಗೆರೆಯಿಂದ ಹಿಂದಕ್ಕೆ ಸರಿಯುತ್ತಾನೆ, ಮುಂದಿದ್ದರೆ ಮುಂದಕ್ಕೆ. ಅವನು ನಿಂತ ಜಾಗವೇ ಗಡಿಯಾರ. ಗುರುವಾರ ಕೊನೆಯ ಸುತ್ತುಗಳಲ್ಲಿ ಮುಜಾವರ ಸರ್ ಹಿಂದೆ ಹಿಂದೆ ನಡೆದು ತಿರುವಿನವರೆಗೂ ಹೋಗಿದ್ದರು.

ಗುಂಡು ಹಾರಿತು. ದಾಕ್ಷಿ ಹೊರಟಳು.

ಮೊದಲ ಸುತ್ತುಗಳಲ್ಲಿ ಸರ್ ಹಿಂದಕ್ಕೆ ಸರಿದರು. ನೀಲಾಂಬಿಕಾ ಕಟಕಟೆಯ ಕಬ್ಬಿಣ ಹಿಡಿದಳು. ನಾಲ್ಕಾರು ಸುತ್ತು ಕಳೆದರೂ ಅವರು ಗೆರೆಯ ಹಿಂದೆಯೇ. ಪಕ್ಕದಲ್ಲಿದ್ದ ಬೇರೆ ತಂಡದ ಕೋಚು, "ಈ ಸಲ ಮೊದಲಿಂದಾನೇ ನಿಧಾನ ಅಲ್ವಾ" ಎಂದ. ಎರಡು ಬೆರಳಿನ ಎತ್ತರವೇ ಜಾಸ್ತಿಯಾಯಿತೇ? ಅವಳು ಲೆಕ್ಕವನ್ನು ಮನಸ್ಸಿನಲ್ಲಿ ಮತ್ತೆ ಮಾಡಿದಳು. ಲೆಕ್ಕ ಸರಿಯಿತ್ತು. ಮತ್ತೆ ಮಾಡಲಿಲ್ಲ.

ಅಷ್ಟರಲ್ಲಿ ಅವಳಿಗೆ ಅದು ಕೇಳಿಸಿತು. ದಾಕ್ಷಿ ಎದುರಿನಿಂದ ಹಾದುಹೋಗುವಾಗ ಒಂದು ಸದ್ದು, ಕಮ್ಮಾರನ ತಿದಿಯಂತೆ, ಒಳಗೆ, ಹೊರಗೆ. ಬೆಳಿಗ್ಗೆಯಿಂದ ಓಡಿದ ಸವಾರರೆಲ್ಲ ಚಕ್ರದ ಸರಸರ ಸದ್ದಿನಲ್ಲೇ ದಾಟಿಹೋಗಿದ್ದರು. ಇವಳು ಮಾತ್ರ ಉಸಿರು ಕೇಳಿಸುತ್ತ ಬಂದಳು. ಆಯ್ಕೆಗಾರರಲ್ಲಿ ಒಬ್ಬರು ಕಾಗದದಿಂದ ತಲೆಯೆತ್ತಿದರು.

ಅರ್ಧ ದೂರ ಮುಗಿದಾಗ ಮುಜಾವರ ಸರ್ ಗೆರೆಯ ಮೇಲೆ ಬಂದು ನಿಂತರು. ಮುಂದಿನ ಸುತ್ತಿಗೆ ಒಂದು ಹೆಜ್ಜೆ ಮುಂದೆ. ಮತ್ತೊಂದು. ಮೂರು ಕಿಲೋಮೀಟರ್. ಗುರುವಾರ ಇಲ್ಲೇ ಕಾಲು ಭಾರವಾಗಿತ್ತು. ದಾಕ್ಷಿಯ ಬೆನ್ನು ಹಲಗೆಯಂತೆ ಸಪಾಟಾಗಿಯೇ ಇತ್ತು, ಕೆಳಗೆ ಹೊಟ್ಟೆ ತಿದಿಯಂತೆ ಆಡುತ್ತಿತ್ತು. ಸರ್ ಈಗ ನಡೆಯುತ್ತಿರಲಿಲ್ಲ, ಟೋಪಿ ಕೈಯಲ್ಲಿ ಹಿಡಿದು ಮುಂದಿನ ತಿರುವಿನ ಕಡೆ ಓಡುತ್ತಿದ್ದರು.

"ಹೊಡಿ ಮಗಳಽ! ಹೊಡಿ! ಬೈ ಚಿಗವ್ವನ್ನ!"

ಗೆರೆ ದಾಟಿದವಳು ಬೀಳಲಿಲ್ಲ. ಕೈಗಳನ್ನು ಎತ್ತಿ, ಎದೆಯಗಲಿಸಿ, ಇಡೀ ಗಾಳಿಗೆ ಅಡ್ಡ ನಿಂತಂತೆ ಕುಳಿತು ಒಂದು ಸುತ್ತು ಹಾಕಿದಳು. ಅಂಗಿ ಎಲ್ಲೆಲ್ಲಿ ಚಿವುಟಿತೋ, ಅವಳು ಲೆಕ್ಕಿಸಲಿಲ್ಲ. ಫಲಕದ ಮೇಲೆ ಅವಳ ಸಮಯ ಎಲ್ಲರಿಗಿಂತ ಮೇಲೆ ಬಂದು ನಿಂತಿತು. ಆಯ್ಕೆಗಾರರು ಹೆಸರನ್ನು ಓದುವ ಮೊದಲೇ ಮುಜಾವರ ಸರ್ ಟೋಪಿಯನ್ನು ಎಲ್ಲೋ ಎಸೆದುಬಿಟ್ಟಿದ್ದರು.

ಅವ್ವನಿಗೆ ಫೋನು ಹಚ್ಚಿದವಳು ದಾಕ್ಷಿಯೇ.

*

ಸಂಜೆ ಇಬ್ಬರೂ ಸೈಕಲ್ಲಿನಲ್ಲೇ ಮನೆಗೆ ಹೊರಟರು. ಎದುರು ಗಾಳಿ ಬೀಸುತ್ತಿತ್ತು. ಯಾವಾಗಲೂ ನೀಲಾಂಬಿಕಾ ಮುಂದೆ ಹೋಗುವವಳು, ಗುಂಡಿ, ನಾಯಿ, ಲಾರಿ ನೋಡುತ್ತ.

"ಚಿಗವ್ವ, ಹಿಂದ ಬಾ. ನನ್ನ ಗಾಲಿಗೆ ಅಂಟಿಕೊಂಡು ಬಾ. ಗಾಳಿ ನಾ ತಗೋತೀನಿ."

"ಗುಂಡಿ…"

"ನನಗೂ ಕಣ್ಣ ಅದಾವು."

ನೀಲಾಂಬಿಕಾ ಹಿಂದೆ ಸರಿದಳು. ಮುಂದಿನವರ ಬೆನ್ನ ಮರೆಯಲ್ಲಿ ಹೋದರೆ ಶ್ರಮದ ಮೂರನೆಯ ಒಂದು ಪಾಲು ಉಳಿಯುತ್ತದೆ ಎಂದು ಅವಳು ಎಷ್ಟೋ ಜನರಿಗೆ ಹೇಳಿದ್ದಳು. ತಾನೇ ಹೋದದ್ದು ಇದೇ ಮೊದಲು. ಪೆಡಲು ಹಗುರವಾಯಿತು. ದಾಕ್ಷಿಯ ಮುಖ ಕಾಣುತ್ತಿರಲಿಲ್ಲ, ರಸ್ತೆಯೂ ಕಾಣುತ್ತಿರಲಿಲ್ಲ. ಉಸಿರು ಮಾತ್ರ ಗಾಳಿಯಲ್ಲಿ ಹಿಂದಕ್ಕೆ ಹಾದು ಬರುತ್ತಿತ್ತು. ಸೋಮವಾರ ಊರಿನ ಅಂಗಿಗಳನ್ನೆಲ್ಲ ಹಿಂದಕ್ಕೆ ಕರೆಸಿ, ಆ ಮಕ್ಕಳನ್ನೆಲ್ಲ ಮತ್ತೆ ಕೂಡಿಸಿ ಬೈಸಿಕೊಳ್ಳಬೇಕಿತ್ತು. ಕೆಲಸ ಬೆಟ್ಟದಷ್ಟಿತ್ತು. ಅವಳಿಗೆ ಅಂಜಿಕೆಯಾಗಲಿಲ್ಲ.

ಸ್ಟೇಷನ್ ರಸ್ತೆಯಲ್ಲಿ ಇಳಿದರು. ಬಂದೇನವಾಜ ಕಾಕಾ ಕೆಟಲು ಹಿಡಿದು, ಗಿರಾಕಿಗಳಿಗೆ ಕಣ್ಣು ಹೊಡೆದು ಕಾದ. ದಾಕ್ಷಿ ಬೆಂಚಿನ ಮೇಲೆ ಕುಳಿತು ಕಾಲು ಚಾಚಿದಳು. ಅವನು ಕಾದೇ ಕಾದ.

"ಯಾಕವ್ವಾ, ಇವತ್ತ ಬಾಯಿ ತೆರೀಲೇ ಇಲ್ಲ?"

"ದಾರ್‍ಯಾಗಽ ತೆರಕೊಂಡು ಬಂದೀನಿ, ಕಾಕಾ" ಎಂದಳು ದಾಕ್ಷಿ. "ಎರಡು ಚಾ ಕೊಡು. ಚಿಗವ್ವಂದು ಸಕ್ಕರಿ ಜಾಸ್ತಿ."